ಕಡಲನ್ನು ಕಾಯ್ದವರು, ಕಡಲನ್ನು ಕಳಕೊಂಡವರು
(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಜಲಯುದ್ಧದ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಮಗೆ ಮೊದಲು ಬಂದದ್ದು ನಗು. ಬೆಳಿಗ್ಗೆ ಎದ್ದು ನೀರಿನ ಸರತಿ ಹಿಡಿದು, ಡಬ್ಬ ಕಟ್ಟಿಕೊಂಡು, ಲೋಕಲ್ ಗಾಡಿಯ ಬಾಗಿಲಲ್ಲಿ ಒಂದು ಕಾಲಿಗೆ ಜಾಗ ಸಿಕ್ಕರೆ ಪುಣ್ಯವೆನ್ನುವ ನಮಗೆ ಹಡಗಿನ ಯುದ್ಧದಿಂದ ಏನಾಗಬೇಕು? ಆದರೆ ಯೋಚಿಸಿದಷ್ಟೂ ಆ ನಗು ಮಾಯವಾಯಿತು. ನಮ್ಮಲ್ಲಿ ಅನೇಕರ ಹಿರಿಯರು ಈ ಊರಿಗೆ ಬಂದದ್ದೇ ಕಡಲ ದಾರಿಯಲ್ಲಿ. ಮಂಗಳೂರಲ್ಲಿ ಹಡಗು ಹತ್ತುವ ಜಾಗಕ್ಕೂ ಧಕ್ಕೆ ಎಂದೇ ಹೆಸರು, ಇಲ್ಲಿ ಮಜಗಾಂವದಲ್ಲಿ ಇಳಿಯುವ ಜಾಗಕ್ಕೂ ಧಕ್ಕೆ ಎಂದೇ ಹೆಸರು. ಭಾಷೆ ಬದಲಾದರೂ ಕಡಲು ಬದಲಾಗಲಿಲ್ಲ. ಈ ನಗರದಲ್ಲಿ ನಾವು ಉಣ್ಣುವ ಅನ್ನಕ್ಕೆ ಬಂದರವೇ ಮೂಲ. ಬಂದರ ಉಳಿದದ್ದು ಕಡಲನ್ನು ಕಾಯ್ದವರಿಂದ. ಆದಕಾರಣ ಈ ವಿಷಯ ನಮ್ಮದಲ್ಲವೆಂದು ಹೇಳುವಂತಿಲ್ಲ.

ದೂರದ ದೇಶಗಳ ಕಥೆಯಿಂದ ಆರಂಭಿಸುವುದು ಬೇಡ. ನಮ್ಮ ಬೋರಿವಲಿಯಿಂದಲೇ ಆರಂಭಿಸೋಣ. ಸ್ಟೇಷನ್ನಿನ ಪಶ್ಚಿಮಕ್ಕೆ ಎಕ್ಸರ ಎಂಬ ಹಳೆಯ ಹಳ್ಳಿಯಿದೆ. ಈಗ ಅದು ಕಟ್ಟಡಗಳ ನಡುವೆ ಕಳೆದುಹೋಗಿದೆ. ಅಲ್ಲಿ ಆಳೆತ್ತರದ ಕೆಲವು ಕೆತ್ತನೆಯ ಕಲ್ಲುಗಳು ನಿಂತಿವೆ. ಮರಾಠಿಯವರು ಅವನ್ನು ವೀರಗಳ ಎನ್ನುತ್ತಾರೆ. ಬಂಧುಗಳೇ, ಅದು ನಮ್ಮ ವೀರಗಲ್ಲೇ! ನಮ್ಮ ಊರುಗಳಲ್ಲಿ ದನ ಕಾಯಲು ಹೋರಾಡಿ ಸತ್ತವನಿಗೆ, ಹೆಣ್ಣಿನ ಮಾನ ಕಾಯಲು ಸತ್ತವನಿಗೆ ನಿಲ್ಲಿಸಿದ ಕಲ್ಲುಗಳನ್ನು ಕೆರೆಯ ಏರಿಯ ಮೇಲೆ ನಾವೆಲ್ಲ ನೋಡಿದ್ದೇವೆ. ಕೆಳಗೆ ಕಾಳಗ, ಮೇಲೆ ಸ್ವರ್ಗ, ಎಲ್ಲಕ್ಕೂ ಮೇಲೆ ದೇವರ ಪೂಜೆ. ಎಕ್ಸರದ ಕಲ್ಲುಗಳ ಕ್ರಮವೂ ಅದೇ. ಆದರೆ ಕಾಳಗ ನಡೆಯುವುದು ನೆಲದ ಮೇಲೆ ಮಾತ್ರವಲ್ಲ, ನೀರಿನ ಮೇಲೂ ನಡೆಯುತ್ತದೆ. ಪಟಸ್ತಂಭವುಳ್ಳ ಹಡಗುಗಳು ಸಾಲುಗಟ್ಟಿ ಬರುತ್ತವೆ. ಒಂದೊಂದರಲ್ಲೂ ಹುಟ್ಟುಗಳ ಸಾಲು, ಮೇಲೆ ಆಯುಧ ಹಿಡಿದ ಯೋಧರು. ಉತ್ತರ ಕೊಂಕಣದ ಶಿಲಾಹಾರರ ಕಡೆಯ ರಾಜ ಸೋಮೇಶ್ವರನಿಗೂ ದೇವಗಿರಿಯ ಸೇವುಣ ಮಹಾದೇವನಿಗೂ ಸುಮಾರು 1265ರಲ್ಲಿ ನಡೆದ ಯುದ್ಧವನ್ನು ಇವು ನೆನಪಿಸುತ್ತವೆಂದು ಅನೇಕ ವಿದ್ವಾಂಸರ ಮತ. ನೆಲದ ಮೇಲೆ ಸೋತ ಸೋಮೇಶ್ವರನು ಹಡಗು ಹತ್ತಿದನು. ಮಹಾದೇವನು ಅಲ್ಲಿಗೂ ಬೆನ್ನಟ್ಟಿದನು. ಸೋಮೇಶ್ವರನು ಕಡಲ ಪಾಲಾದನು. ಈ ಸೇವುಣರು ಕನ್ನಡದಲ್ಲಿಯೂ ನೂರಾರು ಶಾಸನಗಳನ್ನು ಬರೆಸಿದ ಮನೆತನದವರೆಂಬುದನ್ನು ಇಲ್ಲಿ ನೆನೆಯಬೇಕು.

ಇದಕ್ಕೂ ಆರು ಶತಮಾನ ಹಿಂದಿನ ಮಾತು ಇನ್ನೊಂದಿದೆ. ಬಾದಾಮಿಯ ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಹೇಳುವ ಐಹೊಳೆಯ ಶಾಸನ 634ರದು. ಕೊಂಕಣದ ಮೌರ್ಯರನ್ನು ಅವನು ಗೆದ್ದನೆಂದೂ, ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯೆಂಬ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದನೆಂದೂ ಅದರಲ್ಲಿ ರವಿಕೀರ್ತಿ ಹೇಳುತ್ತಾನೆ. ಆ ಪುರಿಯು ನಾವು ರಜೆಯ ದಿನ ದೋಣಿಯಲ್ಲಿ ಹೋಗಿ ನೋಡುವ ಘಾರಾಪುರಿಯೇ ಎಂದು ಕೆಲವರು, ಜಂಜೀರದ ಬಳಿಯ ರಾಜಪುರಿ ಎಂದು ಕೆಲವರು ವಾದಿಸುತ್ತಾರೆ. ಯಾವುದೇ ಇರಲಿ, ಮಲಪ್ರಭೆಯ ದಡದ ರಾಜನೊಬ್ಬನಿಗೆ ಹಡಗಿನ ಬೆಲೆ ಗೊತ್ತಿತ್ತೆಂಬುದು ಸ್ಪಷ್ಟ. ಹಾಗಾದರೆ ಆ ತಿಳಿವಳಿಕೆ ಆಮೇಲೆ ಎಲ್ಲಿ ಹೋಯಿತು? ಇದೇ ಇಂದಿನ ನಮ್ಮ ಪ್ರಶ್ನೆ.

ಉತ್ತರಕ್ಕೆ ಹೋಗುವ ಮುನ್ನ ನೌಕಾಬಲವೆಂದರೆ ಏನೆಂಬುದನ್ನು ತಿಳಿಯಬೇಕು. ನೆಲದ ಮೇಲೆ ಗೆದ್ದವನು ಕೋಟೆ ಕಟ್ಟಿ ಕೂಡ್ರುತ್ತಾನೆ. ನೀರಿನ ಮೇಲೆ ಯಾರೂ ಕೋಟೆ ಕಟ್ಟಲಾರರು. ಕಡಲು ಊರಲ್ಲ, ಅದೊಂದು ದಾರಿ. ನಮ್ಮ ರೈಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕಲ್ಯಾಣದಿಂದ ಬೋರಿಬಂದರದವರೆಗೆ ಪ್ರತಿಯೊಂದು ಗಜ ಹಳಿಯ ಮೇಲೂ ಕಾವಲು ನಿಲ್ಲಿಸಬೇಕಾಗಿಲ್ಲ. ದಾದರ, ಕುರ್ಲಾ ಮುಂತಾದ ನಾಲ್ಕು ಕಡೆಯ ಸಿಗ್ನಲ್ ಕೈಯಲ್ಲಿದ್ದರೆ ಸಾಕು, ಇಡೀ ನಗರದ ಓಡಾಟ ಅವನ ಕೈಯಲ್ಲಿರುತ್ತದೆ. ಅವನು ಬಿಟ್ಟ ಗಾಡಿ ಹೋಗುತ್ತದೆ, ತಡೆದ ಗಾಡಿ ನಿಲ್ಲುತ್ತದೆ. ತನ್ನ ಹಡಗಿಗೆ ದಾರಿ ತೆರೆದಿಟ್ಟು ಶತ್ರುವಿನ ಹಡಗಿಗೆ ಅದೇ ದಾರಿಯನ್ನು ಮುಚ್ಚುವ ಸಾಮರ್ಥ್ಯವೇ ನೌಕಾಬಲ. ಅಮೆರಿಕದ ಮಹಾನ್ ಎಂಬ ನೌಕಾಧಿಕಾರಿ 1890ರಲ್ಲಿ ದೊಡ್ಡ ಗ್ರಂಥ ಬರೆದು ಜಗತ್ತಿಗೆ ಸಾರಿದ ತತ್ತ್ವದ ತಿರುಳು ಹೆಚ್ಚುಕಡಿಮೆ ಇಷ್ಟೇ. ನಮ್ಮವರೇ ಆದ ಕೆ. ಎಂ. ಪಣಿಕ್ಕರರು 1945ರಲ್ಲಿ ಹಿಂದೂ ಮಹಾಸಾಗರವನ್ನು ಕುರಿತ ಪುಸ್ತಕದಲ್ಲಿ ಇದನ್ನು ನಮ್ಮ ದೇಶಕ್ಕೆ ಅನ್ವಯಿಸಿ ಎಚ್ಚರಿಸಿದರು.

ಪೋರ್ತುಗೀಜರು ಈ ತತ್ತ್ವವನ್ನು ಗ್ರಂಥ ಹುಟ್ಟುವ ನಾಲ್ಕು ಶತಮಾನ ಮೊದಲೇ ಅರಿತಿದ್ದರು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಇಳಿದನು. 1509ರ ಫೆಬ್ರುವರಿಯಲ್ಲಿ ದೀವದ ಎದುರು ಈಜಿಪ್ತದ, ಗುಜರಾತದ, ಕಲ್ಲಿಕೋಟೆಯ ಹಡಗುಗಳು ಕೂಡಿ ನಿಂತರೂ ಪೋರ್ತುಗೀಜರ ತೋಪಿನ ಮುಂದೆ ನಿಲ್ಲಲಾರದೆ ಸೋತುವು. ಬಂದವರ ಸಂಖ್ಯೆ ಕಡಮೆ. ಅವರ ದೇಶವೂ ಚಿಕ್ಕದು. ಆದರೆ ಹಡಗಿನ ಪಕ್ಕದಲ್ಲಿ ಭಾರವಾದ ತೋಪುಗಳನ್ನು ಕೂಡಿಸಿ ದೂರದಿಂದಲೇ ಹೊಡೆಯುವ ವಿದ್ಯೆ ಅವರಲ್ಲಿತ್ತು. ಆಮೇಲೆ ಅವರು ಮಾಡಿದ್ದೇನು? ಪಾಸು ಹೊರಡಿಸಿದರು! ಕಾರ್ತಾಜ್ ಎಂದು ಅದರ ಹೆಸರು. ನಮ್ಮ ಕರಾವಳಿಯ ವರ್ತಕನು ನಮ್ಮದೇ ಕಡಲಿನಲ್ಲಿ ಅಕ್ಕಿಯನ್ನೋ ಮೆಣಸನ್ನೋ ಒಯ್ಯಬೇಕಾದರೆ ಪರದೇಶಿಗೆ ಹಣ ಕೊಟ್ಟು ಪಾಸು ಪಡೆಯಬೇಕು. ಇಲ್ಲದಿದ್ದರೆ ಹಡಗು ಜಪ್ತಿ. ಪಾಸು ಮರೆತ ದಿನ ಟಿಕೆಟ್ ತಪಾಸಣೆಯವನು ಎದುರಾದಾಗ ನಮ್ಮ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದು ಎಲ್ಲರಿಗೂ ಗೊತ್ತು. ಆ ವರ್ತಕನು ಪ್ರತಿಯೊಂದು ಪ್ರಯಾಣದಲ್ಲಿಯೂ ಅದೇ ಭಯದಲ್ಲಿರಬೇಕಾಯಿತು.

ಇದಕ್ಕೆ ನಮ್ಮವರ ಪಾತ್ರವೂ ಇದ್ದಿತೆಂಬುದನ್ನು ಮುಚ್ಚಿಡಕೂಡದು. ಹೊನ್ನಾವರದ ಕಡೆಯ ತಿಮ್ಮಯ್ಯನೆಂಬ ಹಡಗುಗಾರ ನಾಯಕನನ್ನು ಪೋರ್ತುಗೀಜರು ತಿಮೋಜ ಎಂದು ಕರೆದರು. ಗೋವೆಯನ್ನು ಹಿಡಿ ಎಂದು ಅಲ್ಬುಕರ್ಕನಿಗೆ ಹೇಳಿದವನೂ, ಜೊತೆಗೆ ನಿಂತವನೂ ಇವನೇ. 1510ರಲ್ಲಿ ಗೋವೆ ಪೋರ್ತುಗೀಜರ ಕೈಸೇರಿತು. ಅದು ಬಿಡುಗಡೆಯಾದದ್ದು 1961ರ ಡಿಸೆಂಬರದಲ್ಲಿ. ಒಂದು ಲೆಕ್ಕಾಚಾರದ ತಪ್ಪಿಗೆ ನಾಲ್ಕೂವರೆ ಶತಮಾನದ ಬಡ್ಡಿ! ವಿಜಯನಗರದ ಕಥೆಯೂ ಹೀಗೆಯೇ. ಅಷ್ಟು ದೊಡ್ಡ ಸೈನ್ಯ, ಅಷ್ಟು ಸಂಪತ್ತು. ಆದರೆ ಕುದುರೆಗಳು ಬರುತ್ತಿದ್ದುದು ಕಡಲಿನಿಂದ. 1547ರಲ್ಲಿ ವಿಜಯನಗರವು ಪೋರ್ತುಗೀಜರೊಡನೆ ಒಪ್ಪಂದ ಮಾಡಿಕೊಂಡು ಗೋವೆಯ ಕುದುರೆಗಳನ್ನು ತನಗೇ ಮಾರಬೇಕೆಂದು ಕಟ್ಟುಮಾಡಿತು. ಲಕ್ಷಗಟ್ಟಲೆ ಸೈನಿಕರುಳ್ಳ ಸಾಮ್ರಾಜ್ಯವು ತನ್ನ ಲಾಯಕ್ಕಾಗಿ ಪರರ ಹಡಗಿನ ದಾರಿ ಕಾಯಬೇಕಾಗಿ ಬಂದಿತು.

ಎದುರು ನಿಂತವರೂ ಇದ್ದರು. ಕಲ್ಲಿಕೋಟೆಯ ಕುಂಞಾಲಿ ಮರಕ್ಕಾರರು ತಲೆಮಾರುಗಳ ತನಕ ಪೋರ್ತುಗೀಜರನ್ನು ಕಾಡಿದರು. ನಾಲ್ಕನೆಯ ಕುಂಞಾಲಿಯನ್ನು 1600ರಲ್ಲಿ ಗೋವೆಯಲ್ಲಿ ಕೊಂದರು. ನಮ್ಮ ಉಳ್ಳಾಲದ ಅಬ್ಬಕ್ಕರಾಣಿಯ ಹೆಸರನ್ನು ತುಳುನಾಡಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯು 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡು ಬರೆದಿಟ್ಟಿದ್ದಾನೆ; ಆಡಂಬರವಿಲ್ಲದೆ ಬರಿಗಾಲಲ್ಲಿ ನಡೆದು ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದ ರಾಣಿಯ ಚಿತ್ರ ಅದರಲ್ಲಿದೆ. ನಮ್ಮ ಕೋಸ್ಟ್ ಗಾರ್ಡ್ ಪಡೆಯು 2012ರಲ್ಲಿ ಒಂದು ಕಾವಲು ಹಡಗಿಗೆ ರಾಣಿ ಅಬ್ಬಕ್ಕನ ಹೆಸರಿಟ್ಟಿತು.

ಇನ್ನು ನಾವಿರುವ ಈ ದ್ವೀಪಕ್ಕೆ ಬರೋಣ. ಪೋರ್ತುಗೀಜರ ರಾಜಕುಮಾರಿಯ ಮದುವೆಯಲ್ಲಿ, 1661ರ ಒಪ್ಪಂದದ ಪ್ರಕಾರ, ಮುಂಬಯಿ ಇಂಗ್ಲಿಷ್ ರಾಜನಿಗೆ ವರದಕ್ಷಿಣೆಯಾಗಿ ಹೋಯಿತು. 1668ರಲ್ಲಿ ರಾಜನು ಅದನ್ನು ವರ್ಷಕ್ಕೆ ಹತ್ತು ಪೌಂಡು ಗೇಣಿಗೆ ಕಂಪೆನಿಗೆ ಕೊಟ್ಟನು. ಇಂದು ಒಂದು ಖೋಲಿಯ ಪಗಡಿಗಾಗಿ ಜೀವಮಾನದ ಉಳಿತಾಯ ಸುರಿಯುವವರು ಈ ಲೆಕ್ಕವನ್ನು ಕೇಳಿ ನಿಟ್ಟುಸಿರು ಬಿಡಬೇಕು!

ಅದೇ ಕಾಲಕ್ಕೆ ಶಿವಾಜಿ ಮಹಾರಾಜರು ಹಡಗು ಕಟ್ಟತೊಡಗಿದ್ದರು. ಮಾಲವಣದ ಎದುರಿಗೆ ಸಿಂಧುದುರ್ಗದ ಕೆಲಸ 1664ರಲ್ಲಿ ಆರಂಭವಾಯಿತು. ಮರುವರ್ಷ ಫೆಬ್ರುವರಿಯಲ್ಲಿ ಅವರ ಹಡಗುಗಳು ನಮ್ಮ ಕುಂದಾಪುರದ ಬಳಿಯ ಬಸರೂರಿಗೆ ಬಂದು ಆ ಶ್ರೀಮಂತ ಪಟ್ಟಣವನ್ನು ಸೂರೆಮಾಡಿದುವು. ಇಕ್ಕೇರಿಯ ನಾಯಕರ ಸೈನ್ಯ ನೆಲದ ಗಡಿಯನ್ನು ಕಾಯುತ್ತಿದ್ದಾಗ ಶತ್ರು ನೀರಿನಿಂದ ಬಂದನು. ಬಾಗಿಲಿಗೆ ಬೀಗ ಹಾಕಿ ಹಿತ್ತಿಲನ್ನು ತೆರೆದಿಟ್ಟಂತಾಯಿತು.

1679ರಲ್ಲಿ ಮಹಾರಾಜರ ಜನ ಮುಂಬಯಿ ಬಂದರದ ಬಾಯಿಯ ದಕ್ಷಿಣಕ್ಕಿರುವ ಖಾಂದೇರಿ ದ್ವೀಪದಲ್ಲಿ ಕೋಟೆ ಕಟ್ಟಲು ಇಳಿದರು. ಇಂಗ್ಲಿಷರಿಗೆ ದಿಗಿಲಾಯಿತು. ದೊಡ್ಡ ಹಡಗುಗಳನ್ನು ತಂದು ದ್ವೀಪವನ್ನು ಸುತ್ತುವರಿದರು. ಆದರೆ ದೊಡ್ಡ ಹಡಗು ಗಾಳಿಯ ಗುಲಾಮ. ಗಾಳಿ ನಿಂತರೆ ಅದೂ ನಿಲ್ಲುತ್ತದೆ. ಮರಾಠರ ದೋಣಿಗಳು ಚಿಕ್ಕವು, ತಳ ಆಳವಿಲ್ಲದವು, ಹುಟ್ಟು ಹಾಕಿ ಹೋಗತಕ್ಕವು. ರಾತ್ರಿಯ ಕತ್ತಲೆಯಲ್ಲಿ ಕಲ್ಲು, ಕಾಳು, ಮದ್ದು ಹೊತ್ತು ಅವು ದ್ವೀಪಕ್ಕೆ ನುಸುಳುತ್ತಿದ್ದುವು. ಅಕ್ಟೋಬರ 18ರ ಕಾಳಗದಲ್ಲಿ ಇಂಗ್ಲಿಷರ ಒಂದು ಹಡಗು ಸೆರೆಸಿಕ್ಕಿತು. ‘ರಿವೆಂಜ್’ ಎಂಬ ಇನ್ನೊಂದು ಹಡಗು ತೋಪು ಹಾರಿಸಿ ದೋಣಿಗಳನ್ನು ಹಿಮ್ಮೆಟ್ಟಿಸಿತು. ಆ ದಿನದ ಕಾಳಗ ಯಾರದಾದರೂ ಆಗಲಿ, ದ್ವೀಪ ಮಾತ್ರ ಮರಾಠರದಾಗಿಯೇ ಉಳಿಯಿತು. ಯುದ್ಧನೀತಿಯ ಒಂದು ದೊಡ್ಡ ಪಾಠ ಇದರಲ್ಲಿದೆ: ಬಲವಂತನ ಬಲ ಎಲ್ಲಿ ಕೆಲಸಕ್ಕೆ ಬಾರದೋ ಅಲ್ಲಿಗೇ ಅವನನ್ನು ಎಳೆದು ತರಬೇಕು. ಹತ್ತು ವರ್ಷದ ತರುವಾಯ, 1689ರಲ್ಲಿ, ಜಂಜೀರದ ಸಿದ್ದಿ ಯಾಕುತ್ ಖಾನನು ಶಿವಡಿಯಲ್ಲಿ ಇಳಿದು ಮಜಗಾಂವ, ಮಾಹೀಮಗಳನ್ನು ಹಿಡಿದು, ಇಂಗ್ಲಿಷರನ್ನು ಕೋಟೆಯೊಳಗೆ ಕೂಡಿಹಾಕಿದನು. ಈಗ ನಾವು ನಿತ್ಯ ಇಳಿದು ಹತ್ತುವ ಸ್ಟೇಷನ್ನುಗಳೇ ಅಂದಿನ ರಣರಂಗ.

ಆಮೇಲೆ ಬಂದವನು ಕಾನ್ಹೋಜಿ ಆಂಗ್ರೆ. ಅವನು 1729ರಲ್ಲಿ ತೀರಿಕೊಳ್ಳುವ ತನಕ ಈ ತೀರದಲ್ಲಿ ಅವನನ್ನು ಯಾರೂ ಮುರಿಯಲಾಗಲಿಲ್ಲ. 1721ರಲ್ಲಿ ಇಂಗ್ಲಿಷರೂ ಪೋರ್ತುಗೀಜರೂ ಒಂದಾಗಿ ಅಲಿಬಾಗದ ಕುಲಾಬಾ ಕೋಟೆಗೆ ಮುತ್ತಿಗೆ ಹಾಕಿ ಬರಿಗೈಯಲ್ಲಿ ಮರಳಿದರು. ಇಂಗ್ಲಿಷರು ಅವನನ್ನು ಕಡಲ್ಗಳ್ಳನೆಂದು ಬರೆದರು. ಪಾಸು ಕೇಳುವುದು ಅವರ ಹಕ್ಕು, ನಮ್ಮವನು ಕೇಳಿದರೆ ಕಳ್ಳತನ! ಅವನ ತರುವಾಯ ಮನೆಯೊಳಗೆ ಒಡಕು ಬಿದ್ದಿತು. ಮಗ ತುಳಾಜಿಗೂ ಪೇಶವೆ ಬಾಳಾಜಿ ಬಾಜೀರಾಯನಿಗೂ ಸರಿಬೀಳಲಿಲ್ಲ. ಪೇಶವೆಯು ಇಂಗ್ಲಿಷರ ಸಹಾಯ ಬೇಡಿದನು. 1756ರ ಫೆಬ್ರುವರಿಯಲ್ಲಿ ವಾಟ್ಸನ್ನನ ಹಡಗುಗಳೂ ಕ್ಲೈವನ ಸೈನಿಕರೂ ವಿಜಯದುರ್ಗಕ್ಕೆ ಬಂದರು. ಬಂದರದಲ್ಲಿ ಒತ್ತಾಗಿ ನಿಂತಿದ್ದ ಆಂಗ್ರೆಯ ಹಡಗುಗಳೆಲ್ಲ ಬೆಂಕಿ ಹತ್ತಿ ಉರಿದುವು. ಪೇಶವೆಯು ತನಗೆ ತಲೆಬಾಗದ ಸರದಾರನನ್ನು ಅಡಗಿಸಿದೆನೆಂದುಕೊಂಡನು; ಅಡಗಿದ್ದು ಈ ದೇಶದ ನೌಕಾಬಲ. ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ ಸಾಲಗಾರನನ್ನು ಪಂಚಾಯಿತಿಗೆ ಕರೆದ ಮನೆಗಳ ಗತಿಯನ್ನು ನಮ್ಮೂರುಗಳಲ್ಲಿ ನಾವು ಕಂಡಿಲ್ಲವೇ?

ಮೈಸೂರಿನ ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದು ಮಂಗಳೂರಿನಲ್ಲಿ ಹಡಗು ಕಟ್ಟಿಸಿದನು. ಆದರೆ ಒಂದು ತಪ್ಪು ಮಾಡಿದನು: ಕುದುರೆ ಪಡೆಯ ಅಧಿಕಾರಿಯನ್ನು ಹಡಗು ಪಡೆಯ ತಲೆಯ ಮೇಲೆ ಕೂಡಿಸಿದನು. ಕಪ್ತಾನರ ಮನಸ್ಸು ಕಹಿಯಾಯಿತು. 1768ರಲ್ಲಿ ಮುಂಬಯಿಯಿಂದ ಇಂಗ್ಲಿಷ್ ಹಡಗುಗಳು ಹೊನ್ನಾವರದ ಎದುರಿಗೆ ಕಂಡೊಡನೆ ಅವರು ತಮ್ಮ ಹಡಗುಗಳೊಂದಿಗೆ ಆ ಕಡೆ ಸೇರಿಬಿಟ್ಟರು. ಕೆಲಸ ಅರಿಯದವನು ಮೇಲೆ ಕುಳಿತರೆ ಏನಾಗುತ್ತದೆಂಬುದನ್ನು ಇಲ್ಲಿ ಕುಳಿತ ಗುಮಾಸ್ತರಿಗೆ ನಾವು ವಿವರಿಸಬೇಕಾಗಿಲ್ಲ. ಮತ್ತೆ ಕಟ್ಟಿದ ಹಡಗುಗಳನ್ನು 1780ರ ಡಿಸೆಂಬರದಲ್ಲಿ ಅಡ್ಮಿರಲ್ ಹ್ಯೂಸನು ಮಂಗಳೂರಿನಲ್ಲಿಯೇ ನಾಶಮಾಡಿದನು. ಮಗ ಟಿಪ್ಪು ಸುಲ್ತಾನನು 1796ರಲ್ಲಿ ನಲವತ್ತು ಯುದ್ಧನೌಕೆಗಳನ್ನು ಕಟ್ಟಲು ಅಪ್ಪಣೆ ಹೊರಡಿಸಿ, ಅದಕ್ಕೊಂದು ಪ್ರತ್ಯೇಕ ಕಚೇರಿಯನ್ನೇ ನೇಮಿಸಿದನು. ಮೂರು ವರ್ಷಕ್ಕೆ ಶ್ರೀರಂಗಪಟ್ಟಣ ಬಿದ್ದಿತು. ಸೈನ್ಯವನ್ನು ಒಂದು ವರ್ಷದಲ್ಲಿ ಕೂಡಿಸಬಹುದು; ನೌಕಾಬಲಕ್ಕೆ ಒಂದು ತಲೆಮಾರು ಬೇಕು. ಆ ಸಮಯ ಅವನಿಗೆ ದೊರೆಯಲಿಲ್ಲ.

ನಮ್ಮವರಿಗೆ ಹಡಗು ಕಟ್ಟುವ ವಿದ್ಯೆ ಇರಲಿಲ್ಲವೇ ಎಂದು ಕೇಳಬಹುದು. ಇದ್ದಿತು, ಅದೇ ದುಃಖದ ಮಾತು. 1736ರಲ್ಲಿ ಸೂರತದಿಂದ ಬಂದ ಪಾರಸಿ ಬಡಗಿ ಲವಜಿ ನಸರವಾನಜಿ ವಾಡಿಯಾ ಮತ್ತು ಅವನ ವಂಶದವರು ಇಲ್ಲಿಯ ಡಾಕ್‌ಯಾರ್ಡಿನಲ್ಲಿ ಮಲಬಾರದ ತೇಗದಿಂದ ಕಟ್ಟಿದ ಹಡಗುಗಳು ಇಂಗ್ಲೆಂಡಿನ ಓಕ್ ಮರದ ಹಡಗುಗಳಿಗಿಂತ ಹೆಚ್ಚು ಬಾಳಿದುವು. 1813ರಲ್ಲಿ ಇಲ್ಲಿ ಕಟ್ಟಿದ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆಯೇ 1842ರಲ್ಲಿ ಚೀನವು ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿ ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟಿತು. 1824ರಲ್ಲಿ ಇಲ್ಲಿ ನೀರಿಗಿಳಿದ ‘ಏಶಿಯಾ’ವು 1827ರ ನವರಿನೋ ಯುದ್ಧದಲ್ಲಿ ಇಂಗ್ಲಿಷ್ ಸೇನಾಪತಿಯ ಹಡಗಾಗಿತ್ತು. 1817ರ ‘ಟ್ರಿಂಕೋಮಲೀ’ ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲಿನಲ್ಲಿ ತೇಲುತ್ತಿದೆ. ಮರ ನಮ್ಮದು, ಕೈ ನಮ್ಮದು; ಬಾವುಟ ಮಾತ್ರ ಪರರದು. ವಿದ್ಯೆಯಿದ್ದರೆ ಸಾಲದು, ಅದರ ಒಡೆತನವೂ ಬೇಕು.

ಬಂಧುಗಳೇ, ಹಡಗಿನ ಚರಿತ್ರೆಯಲ್ಲಿ ರಾಜರ, ಸೇನಾಪತಿಗಳ ಹೆಸರೇ ಕೇಳಿಬರುತ್ತದೆ. ಆದರೆ 1946ರ ಫೆಬ್ರುವರಿ 18ರಂದು ಕುಲಾಬಾದ ‘ತಲವಾರ್’ ನೌಕಾಶಾಲೆಯ ಸಾಮಾನ್ಯ ನಾವಿಕರು ಎದ್ದು ನಿಂತರು. ಉಣ್ಣಲಾಗದ ಅನ್ನ, ಬಿಳಿಯ ಅಧಿಕಾರಿಗಳ ಬೈಗುಳ, ಒಂದೇ ಕೆಲಸಕ್ಕೆ ಎರಡು ಬಗೆಯ ಸಂಬಳ, ಇವೇ ಕಾರಣ. ಕೆಲವೇ ದಿನಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಹಡಗುಗಳು, ಸುಮಾರು ಇಪ್ಪತ್ತು ಸಾವಿರ ನಾವಿಕರು ಮುಷ್ಕರದಲ್ಲಿ ಸೇರಿದರು. ಹಸಿದ ನಾವಿಕರಿಗೆ ಮುಂಬಯಿಯ ಜನ ಗೇಟ್‌ವೇ ಬಳಿಗೆ ರೊಟ್ಟಿ, ಹಣ್ಣು ಹೊತ್ತು ತಂದರು. 22ರಂದು ಗಿರಣಿಗಳ ಕಾಮಗಾರರು ಕೆಲಸ ಬಿಟ್ಟು ಬೀದಿಗಿಳಿದರು. ಪರಳ, ಲಾಲಬಾಗಗಳಲ್ಲಿ ಗುಂಡು ಹಾರಿತು; ನಗರದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮುಖಂಡರ ಸಲಹೆಯಂತೆ 23ರಂದು ನಾವಿಕರು ಶರಣಾದರು. ನೂರಾರು ಮಂದಿ ಕೆಲಸ ಕಳಕೊಂಡರು. ಆದರೆ ಹಡಗು ನಡೆಸುವ ಕೈಗಳೇ ಒಲ್ಲೆನೆಂದ ಮೇಲೆ ಈ ರಾಜ್ಯ ಬಹಳ ದಿನ ನಿಲ್ಲದೆಂಬುದು ಲಂಡನ್ನಿಗೂ ತಿಳಿಯಿತು. ಆ ಇನ್ನೂರು ಜನರಲ್ಲಿ ನಮ್ಮ ಹಾಗೆಯೇ ಊರು ಬಿಟ್ಟು ಬಂದು ಚಾಳಿನಲ್ಲಿದ್ದವರು ಎಷ್ಟೋ ಮಂದಿ. ಎಕ್ಸರದಲ್ಲಿ ಹುಟ್ಟು ಹಾಕುವವರಿಗೂ ಕಲ್ಲಿನಲ್ಲಿ ಜಾಗವಿದೆ. ಇವರಿಗೆ ಯಾವ ಬೀದಿಯಲ್ಲಿ ಕಲ್ಲು ನಿಂತಿದೆ?

ಸ್ವತಂತ್ರ ಭಾರತದ ನೌಕಾಪಡೆಯ ದೊಡ್ಡ ಪರೀಕ್ಷೆ 1971ರಲ್ಲಿ ಬಂದಿತು. ಡಿಸೆಂಬರ 4ರ ರಾತ್ರಿ ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು ಚಿಕ್ಕ ಕ್ಷಿಪಣಿ ದೋಣಿಗಳು ಎರಡು ದೊಡ್ಡ ಹಡಗುಗಳ ಬೆಂಬಲದಿಂದ ಕರಾಚಿಯ ಹತ್ತಿರಕ್ಕೆ ಹೋಗಿ ‘ಖೈಬರ್’, ‘ಮುಹಾಫಿಜ್’ ಎಂಬ ಯುದ್ಧನೌಕೆಗಳನ್ನು ಮುಳುಗಿಸಿದುವು. ಸ್ವಂತ ಬಂದರವನ್ನು ಕಾಯಲು ಮಾಡಿದ ಈ ದೋಣಿಗಳು ಇಷ್ಟು ದೂರ ಬಂದು ಹೊಡೆಯುವುವೆಂದು ಶತ್ರು ಎಣಿಸಿರಲಿಲ್ಲ. ಖಾಂದೇರಿಯ ಯುಕ್ತಿಯೇ ಹೊಸ ವೇಷದಲ್ಲಿ ಬಂದಿತೆನ್ನಬಹುದು. ನಾಲ್ಕು ದಿನಕ್ಕೆ ‘ವಿನಾಶ್’ ಹೋಗಿ ಕರಾಚಿಯ ಎಣ್ಣೆಯ ಕೊಠಾರಕ್ಕೆ ಬೆಂಕಿಯಿಟ್ಟಿತು. ಆದರೆ ಮರುದಿನವೇ, 9ರ ರಾತ್ರಿ, ದೀವದ ಹೊರಗೆ ಶತ್ರುವಿನ ಜಲಾಂತರ್ಗಾಮಿಯೊಂದು ನಮ್ಮ ‘ಖುಕ್ರಿ’ಯನ್ನು ಹೊಡೆದು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ನೀರುಪಾಲಾದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ಅವರು ಇತರರನ್ನು ಕಳಿಸಲು ಯತ್ನಿಸಿ, ತಾವು ಹಡಗಿನೊಂದಿಗೇ ಹೋದರು. ಡಿಸೆಂಬರ 4ನ್ನು ನೌಕಾದಿನವೆಂದು ಆಚರಿಸುವಾಗ 9ನ್ನೂ ಮರೆಯಕೂಡದು.

ಮುಂಬಯಿ ಬಂದರದಲ್ಲಿ ವ್ಯಾಪಾರದ ಹಡಗಿಗೂ ಯುದ್ಧದ ಹಡಗಿಗೂ ಒಂದೇ ಇಕ್ಕಟ್ಟು. ಆದ್ದರಿಂದ ನಮ್ಮ ಕಾರವಾರದಲ್ಲಿ ಹೊಸ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು. 2005ರಲ್ಲಿ ಅದು ‘ಕದಂಬ’ ಎಂಬ ಹೆಸರಿನಿಂದ ಸೇವೆಗೆ ಸೇರಿತು. ಬನವಾಸಿಯ ಆ ಹೆಸರು ಕೇಳಿದರೆ ಮೈ ಪುಳಕಗೊಳ್ಳುತ್ತದೆ. ಆದರೆ ಆ ನೆಲೆಗಾಗಿ ಕಾರವಾರ, ಅಂಕೋಲೆಗಳ ತೀರದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಒಣಗಿಸುವ ದಂಡೆಗಳನ್ನು ಬಿಟ್ಟೆದ್ದುವು. ಪರಿಹಾರಕ್ಕಾಗಿ ಅನೇಕರು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದರು. ದೇಶಕ್ಕೆ ನೆಲೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಲೆಮಾರುಗಳಿಂದ ಕಡಲನ್ನು ಅರಿತವರನ್ನು ಕಡಲಿನಿಂದ ದೂರಮಾಡಿದರೆ ಅದೂ ಒಂದು ನಷ್ಟವೇ. ಹಡಗಿಗೆ ಬೇಕಾದದ್ದು ಉಕ್ಕಷ್ಟೇ ಅಲ್ಲ, ಅಲೆಯ ಗುಣ ಬಲ್ಲ ಜನವೂ ಬೇಕು.

ಇಷ್ಟರಿಂದ ತಿಳಿಯತಕ್ಕದ್ದೇನು? ಹೊತ್ತಿಗೆ ಮುಂಚೆ ಕಟ್ಟದವನು ಹೊತ್ತಿಗೆ ಸೋಲುತ್ತಾನೆ. ಮನೆಯ ಜಗಳಕ್ಕೆ ಹೊರಗಿನವನನ್ನು ಕರೆದವನು ಮನೆಯನ್ನೇ ಕಳಕೊಳ್ಳುತ್ತಾನೆ. ಹುಟ್ಟು ಹಾಕುವವನನ್ನು ಕಡೆಗಣಿಸಿದವನ ಹಡಗು ಹೊಯ್ದಾಡುತ್ತದೆ. ವಾಡಿಯಾ ಬಡಗಿಗಳ ಊರಿನಲ್ಲಿ ಇಂದು ಮಜಗಾಂವದ ಡಾಕು ನಮ್ಮದೇ ಬಾವುಟದ ಯುದ್ಧನೌಕೆಗಳನ್ನು ಕಟ್ಟುತ್ತಿದೆ. ಅಲ್ಲಿ ಕಟ್ಟಿದ ‘ನೀಲಗಿರಿ’ 1972ರಲ್ಲಿ ಸೇವೆಗೆ ಸೇರಿತು. 2019ರಲ್ಲಿ ಸೇರಿದ ಜಲಾಂತರ್ಗಾಮಿಗೆ ‘ಖಾಂದೇರಿ’ ಎಂದೇ ಹೆಸರು. ಬೆಸುಗೆಯ ಕಿಡಿಗೆ ಕಣ್ಣೊಡ್ಡಿ ಅಂಥ ಕೆಲಸ ಮಾಡುವ ಕೈಗಳೂ ದೇಶ ಕಾಯುವ ಕೈಗಳೇ.

ಕೊನೆಗೆ ಒಂದು ಬಿನ್ನಹ. ಮುಂದಿನ ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಎಕ್ಸರಕ್ಕೆ ಹೋಗಿ ಬನ್ನಿ. ಹಡಗುಗಳ ಸಾಲನ್ನು ತೋರಿಸಿ. ಯೋಧರನ್ನು ಮಕ್ಕಳು ತಾವೇ ಗುರುತಿಸುತ್ತಾರೆ. ಕೆಳಗೆ ಕುಳಿತು ಹುಟ್ಟು ಹಾಕುವವರನ್ನು ಮಾತ್ರ ನೀವೇ ಬೆರಳಿಟ್ಟು ತೋರಿಸಿ. ಬಂದಮೇಲೆ ಈ ವಾಚನಾಲಯದ ಕಪಾಟನ್ನು ತೆರೆಯಿರಿ. ಚರಿತ್ರೆಯ ಪುಸ್ತಕಗಳು ನಿಮ್ಮ ದಾರಿ ಕಾಯುತ್ತಿವೆ, ಅವಕ್ಕೆ ಪಾಸು ಬೇಡ.